ಹಲ್ಲಿಗಿಂತ ಮೊದಲು ಒಸಡು ನೋಡಿ: ನಾಯಿ, ಬೆಕ್ಕಿನ ಬಾಯಿಯ ಆರೋಗ್ಯ

"ನಾಯಿ ಬಾಯಿ ಅಂದ್ಮೇಲೆ ವಾಸನೆ ಇರೋದೇ ಅಲ್ವಾ?" ಕೊಡಗಿನಲ್ಲಿ ನಾಯಿ ಸಾಕಿರುವ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ನಿಜ ಹೇಳಬೇಕೆಂದರೆ, ಇರಬಾರದು. ಈಗಷ್ಟೇ ತಿಂದ ಊಟದ ವಾಸನೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ಹತ್ತಿರ ಬಂದರೆ ಮುಖ ತಿರುಗಿಸುವಷ್ಟು ಕೊಳೆತ ವಾಸನೆ ದಿನವೂ ಬರುತ್ತಿದ್ದರೆ ಅದು ಕಾಯಿಲೆ. ಬೆಕ್ಕಿಗೂ ಇದೇ ಮಾತು.

ನಮ್ಮ ಕಡೆ ನಾಯಿ ಇಲ್ಲದ ತೋಟದ ಮನೆ ಸಿಗುವುದು ಕಷ್ಟ. ಕಣದಲ್ಲಿ ಕಾಫಿ ಒಣಗಲು ಹಾಕಿದಾಗ ಕಾವಲಿಗೆ ನಾಯಿ ಬೇಕು. ಅಟ್ಟದ ಇಲಿಗೆ ಬೆಕ್ಕು ಬೇಕು. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸುತ್ತೇವೆ, ಉಣ್ಣಿಗೆ ಔಷಧಿ ಹಚ್ಚುತ್ತೇವೆ, ಜಂತುಹುಳದ ಮಾತ್ರೆ ಕೊಡುತ್ತೇವೆ. ಬಾಯಿಯೊಳಗೆ ಮಾತ್ರ ಯಾರೂ ನೋಡುವುದಿಲ್ಲ. ಅನ್ನ ತಿನ್ನುತ್ತಿದೆಯಲ್ಲ, ಇನ್ನೇನು ಎನ್ನುವ ಧೈರ್ಯ. ಆದರೆ ಹಲ್ಲು ನೋವಿಗೆ ನಾಯಿ ಊಟ ಬಿಡುವುದು ತೀರಾ ಕೊನೆಯ ಹಂತದಲ್ಲಿ. ಅಲ್ಲಿಯವರೆಗೆ ಒಂದೇ ಪಕ್ಕದಲ್ಲಿ ಅಗಿಯುತ್ತದೆ, ತುತ್ತನ್ನು ಅಗಿಯದೆ ನುಂಗುತ್ತದೆ, ಗಟ್ಟಿ ರೊಟ್ಟಿಯನ್ನು ಎತ್ತಿ ಮತ್ತೆ ಬೀಳಿಸುತ್ತದೆ. ಬಾಲ ಅಲ್ಲಾಡುತ್ತಲೇ ಇರುತ್ತದೆ. ನಮಗೆ ಗೊತ್ತಾಗುವುದಿಲ್ಲ.

ಒಳಗೆ ಏನಾಗುತ್ತದೆ?

ದೊಡ್ಡ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಮರಿಯಾಗಿದ್ದಾಗ ನಾಯಿಗೆ 28, ಬೆಕ್ಕಿಗೆ 26 ಹಾಲು ಹಲ್ಲುಗಳು. ಮೂರು-ನಾಲ್ಕು ತಿಂಗಳಿಗೆ ಅವು ಬೀಳಲು ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ ಶಾಶ್ವತ ಹಲ್ಲುಗಳು ಬಂದಿರುತ್ತವೆ.

ಮನುಷ್ಯರಿಗೆ ಹಲ್ಲಿನ ತೊಂದರೆ ಅಂದರೆ ಹುಳುಕು. ನಾಯಿಗೆ ಹುಳುಕು ಕಡಿಮೆ. ಅದರ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಹಲ್ಲನ್ನು ಕರಗಿಸುವ ಹುಳಿ ಅಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಅದೇ ಗುಣದಿಂದ ಹಲ್ಲಿನ ಮೇಲೆ ಕಿಟ್ಟ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ನಾಯಿ, ಬೆಕ್ಕುಗಳ ದೊಡ್ಡ ಸಮಸ್ಯೆ ಇರುವುದು ಒಸಡಿನಲ್ಲಿ.

ಆಗುವುದು ಹೀಗೆ. ಹಲ್ಲು ಸ್ವಚ್ಛ ಮಾಡಿದ ಒಂದು ದಿನದೊಳಗೆ ಅದರ ಮೇಲೆ ಬ್ಯಾಕ್ಟೀರಿಯಾಗಳ ತೆಳು ಲೋಳೆ ಪದರ ಕೂರುತ್ತದೆ. ಉಗುರಿನಲ್ಲಿ ಕೆರೆದರೆ ಬಿಳಿ ಹಿಟ್ಟಿನಂತೆ ಬರುವ ಪಾಚಿ ಇದು. ಎರಡು-ಮೂರು ದಿನ ಹಾಗೇ ಬಿಟ್ಟರೆ ಜೊಲ್ಲಿನ ಸುಣ್ಣದ ಅಂಶ ಸೇರಿ ಗಟ್ಟಿಯಾಗಲು ಶುರುವಾಗುತ್ತದೆ. ಹಳದಿ, ಆಮೇಲೆ ಕಂದು ಬಣ್ಣದ ಕಿಟ್ಟ ಅದೇ. ಕಣ್ಣಿಗೆ ಎದ್ದು ಕಾಣುವುದು ಕಿಟ್ಟ. ಆದರೆ ಹಾನಿ ಮಾಡುವುದು ಪಾಚಿ, ಅದರಲ್ಲೂ ಒಸಡಿನ ಅಂಚಿನಿಂದ ಕೆಳಗೆ ಇಳಿದ ಪಾಚಿ. ಕಿಟ್ಟದ ಒರಟು ಮೈ ಅದಕ್ಕೆ ಕೂರಲು ಜಾಗ ಕೊಡುತ್ತದೆ, ಅಷ್ಟೇ.

ಮೊದಲು ಒಸಡಿನ ಅಂಚು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಶುಚಿ ಮಾಡಿದರೆ ಪೂರ್ತಿ ಸರಿಹೋಗುತ್ತದೆ. ಬಿಟ್ಟರೆ ಸೋಂಕು ಬೇರಿನ ಕಡೆಗೆ ಇಳಿಯುತ್ತದೆ. ಹಲ್ಲನ್ನು ಮೂಳೆಗೆ ಹಿಡಿದಿಟ್ಟ ನಾರುಗಳು ಸಡಿಲವಾಗುತ್ತವೆ, ಸುತ್ತಲಿನ ಮೂಳೆಯೇ ಸವೆಯುತ್ತದೆ. ಮಳೆಗಾಲದಲ್ಲಿ ಬುಡದ ಮಣ್ಣು ಕೊಚ್ಚಿಹೋದ ಬೇಲಿ ಕಂಬದ ಹಾಗೆ, ಹಲ್ಲು ಗಟ್ಟಿಯಾಗೇ ಇರುತ್ತದೆ, ಹಿಡಿತ ಹೋಗಿರುತ್ತದೆ. ಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಮೂರು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ನಾಯಿ, ಬೆಕ್ಕುಗಳಲ್ಲಿ ಈ ಕಾಯಿಲೆ ಯಾವುದೋ ಒಂದು ಹಂತದಲ್ಲಿ ಇದ್ದೇ ಇರುತ್ತದೆ.

ಇದು ಬಾಯಿಗೆ ಮಾತ್ರ ಸೀಮಿತವಲ್ಲ. ಮೇಲಿನ ಕೋರೆ ಹಲ್ಲಿನ ಬೇರು ತುಂಬಾ ಉದ್ದ. ಅದಕ್ಕೂ ಮೂಗಿಗೂ ನಡುವೆ ಇರುವುದು ತೆಳ್ಳನೆ ಮೂಳೆ. ಅದು ಸವೆದು ತೂತಾದರೆ ನಾಯಿ ಪದೇ ಪದೇ ಸೀನುತ್ತದೆ, ಒಂದೇ ಹೊಳ್ಳೆಯಲ್ಲಿ ಕೀವು ಅಥವಾ ರಕ್ತ ಬರುತ್ತದೆ. ಶೀತ ಅಂತ ನಾವು ಕಷಾಯ ಕುಡಿಸುತ್ತಾ ಕೂರುತ್ತೇವೆ. ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳಲ್ಲಿ ಕೆಳದವಡೆ ಎಷ್ಟು ಸವೆಯುತ್ತದೆಂದರೆ, ಸೋಫಾದಿಂದ ಹಾರಿದರೂ ಮುರಿಯಬಹುದು. ತೀವ್ರ ಒಸಡಿನ ಕಾಯಿಲೆ ಇರುವ ನಾಯಿಗಳ ಹೃದಯ, ಮೂತ್ರಪಿಂಡ, ಯಕೃತ್ತಿನಲ್ಲೂ ಬದಲಾವಣೆಗಳು ಕಂಡಿವೆ. ಒಂದು ಇನ್ನೊಂದಕ್ಕೆ ನೇರ ಕಾರಣ ಎಂದು ಖಚಿತವಾಗಿ ಸಾಬೀತಾಗಿಲ್ಲ. ಆದರೂ ಬಾಯಲ್ಲಿ ವರ್ಷಗಟ್ಟಲೆ ಕೀವು ಇಟ್ಟುಕೊಂಡು ಯಾವ ಪ್ರಾಣಿ ತಾನೇ ಚೆನ್ನಾಗಿರಲು ಸಾಧ್ಯ?

ತುಟಿ ಎತ್ತಿ ನೋಡುವುದು

ಬಾಯಿ ತೆರೆಸುವುದೇ ಬೇಡ. ನಾಯಿಯ ಪಕ್ಕ ಕುಳಿತು, ಒಂದು ಕೈಯನ್ನು ಗದ್ದದ ಕೆಳಗೆ ಇಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೇಲ್ತುಟಿಯನ್ನು ಕೆನ್ನೆಯ ಕಡೆ ಎತ್ತಿ. ಮುಂದಿನ ಬಾಚಿ ಹಲ್ಲು, ಕೋರೆ ಹಲ್ಲು ಬಿಳಿಯಾಗಿವೆ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಇನ್ನೂ ಹಿಂದಕ್ಕೆ, ಕಣ್ಣಿನ ನೇರ ಕೆಳಗೆ, ಮೇಲ್ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲೊಂದು ಇರುತ್ತದೆ. ಮಾಂಸ ಕತ್ತರಿಸುವ ಹಲ್ಲು ಅದು. ಜೊಲ್ಲಿನ ನಾಳ ತೆರೆದುಕೊಳ್ಳುವುದು ಅದರ ಹತ್ತಿರವೇ. ಆದ್ದರಿಂದ ಕಿಟ್ಟ ಕಟ್ಟುವುದೂ ಅಲ್ಲೇ ಜಾಸ್ತಿ.

ವಯಸ್ಸಾದ ತೋಟದ ನಾಯಿಯೊಂದರ ತುಟಿ ಎತ್ತಿದರೆ ಅಲ್ಲಿ ಹಲ್ಲಿನ ಆಕಾರವೇ ಕಾಣುವುದಿಲ್ಲ. ಕಂದು-ಹಸಿರು ಬಣ್ಣದ ಗಟ್ಟಿ ಹೆಂಟೆ, ಅದರ ಮೇಲೆ ಅಂಟಿದ ಕೂದಲು, ಅನ್ನದ ಅಗುಳು. ಒಸಡು ಮೇಲಕ್ಕೆ ಸರಿದು ಬೇರಿನ ಕವಲು ತೆರೆದುಕೊಂಡಿರುತ್ತದೆ. ಮುಟ್ಟಿದ ತಕ್ಷಣ ರಕ್ತ. ಹಲ್ಲಿಗೆ ತಾಗುವ ಕೆನ್ನೆಯ ಒಳಮೈಯಲ್ಲೂ ಹುಣ್ಣು. ಇಷ್ಟೆಲ್ಲ ಇಟ್ಟುಕೊಂಡು ಅದು ರಾತ್ರಿಯಿಡೀ ಕಾವಲು ಕಾದಿರುತ್ತದೆ.

ಆರೋಗ್ಯವಾದ ಒಸಡು ತಿಳಿ ಗುಲಾಬಿ, ಹಲ್ಲಿಗೆ ಬಿಗಿಯಾಗಿ ಅಂಟಿರುತ್ತದೆ. ಹಲವು ನಾಯಿಗಳಿಗೆ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತದೆ, ಅದು ಸಹಜ. ಆದರೆ ಹೊಸದಾಗಿ ಎದ್ದ ಕಪ್ಪು ಗಂಟು ಬೇರೆ ಮಾತು. ನಾಯಿಯ ಬಾಯಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಬರುತ್ತದೆ. ಅಂಥ ಗಂಟು ಕಂಡರೆ ಕಾಯುತ್ತಾ ಕೂರುವ ಹಾಗಿಲ್ಲ.

ಒಸಡು ನೋಡುವ ಅಭ್ಯಾಸ ಇದ್ದರೆ ಹಲ್ಲಿಗೆ ಸಂಬಂಧವಿಲ್ಲದ ಕಾಯಿಲೆಗಳೂ ಬೇಗ ಗೊತ್ತಾಗುತ್ತವೆ. ಕೊಡಗಿನಂಥ ಜಾಗದಲ್ಲಿ ಇದರ ಉಪಯೋಗ ದೊಡ್ಡದು. ಒಸಡು ಬಿಳಿಚಿಕೊಂಡಿದ್ದರೆ ಉಣ್ಣಿ ಜ್ವರವೋ ಕೊಕ್ಕೆಹುಳವೋ ಇರಬಹುದು. ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡರೆ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿರುವ ಸಾಧ್ಯತೆ. ಇದಕ್ಕೂ ಉಣ್ಣಿ ಜ್ವರ ಸಾಮಾನ್ಯ ಕಾರಣ. ಹಳದಿಯಾಗಿದ್ದರೆ ಕಾಮಾಲೆ. ಮಳೆಗಾಲದಲ್ಲಿ ಇಲಿ ಜ್ವರದಿಂದ ಹೀಗಾಗುವುದುಂಟು, ಅದು ಮನುಷ್ಯರಿಗೂ ಹರಡುತ್ತದೆ. ಒಸಡಿನಿಂದ ಸುಮ್ಮಸುಮ್ಮನೆ ರಕ್ತ ಬಂದರೆ ಇಲಿ ಪಾಷಾಣ ತಿಂದಿರಬಹುದು. ಕೆಲವೊಮ್ಮೆ ಕಾರಣ ಇಷ್ಟೆಲ್ಲ ದೊಡ್ಡದಿರುವುದಿಲ್ಲ. ಒಸಡಿಗೋ ಮೂಗಿಗೋ ಒಂದು ಜಿಗಣೆ ಅಂಟಿಕೊಂಡಿರುತ್ತದೆ, ಅಷ್ಟೇ.

ಕೈ ಹಾಕುವ ಮೊದಲು ಒಂದು ಎಚ್ಚರಿಕೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಾಯಿ ಬಾಯಿ ತೆರೆದೇ ಇಟ್ಟುಕೊಂಡು ಜೊಲ್ಲು ಸುರಿಸುತ್ತಿದೆ, ಕೆಳದವಡೆ ಜೋತುಬಿದ್ದಿದೆ, ನೀರು ನುಂಗಲಾಗುತ್ತಿಲ್ಲ, ಬೊಗಳುವ ದನಿ ಬದಲಾಗಿದೆ. ಇಷ್ಟು ಕಂಡ ಕೂಡಲೇ "ಗಂಟಲಲ್ಲಿ ಮೂಳೆ ಸಿಕ್ಕಿದೆ" ಎಂದು ಕೈ ಹಾಕಿ ಹುಡುಕುವವರಿದ್ದಾರೆ. ರೇಬಿಸ್‌ನ ಒಂದು ರೂಪ ಹೀಗೇ ಇರುತ್ತದೆ. ನಾಯಿ ಕಚ್ಚಲು ಬರುವುದಿಲ್ಲ, ಮಂಕಾಗಿ ಕೂರುತ್ತದೆ, ಅಷ್ಟೇ. ಅಂಥ ನಾಯಿಯ ಬಾಯಿಗೆ ಬರಿಗೈ ಹಾಕಲೇಬೇಡಿ. ಬೇರೆಡೆ ಕೂಡಿ ಹಾಕಿ ಪಶುವೈದ್ಯರನ್ನು ಕರೆಸಿ. ಜೊಲ್ಲು ಗಾಯಕ್ಕೆ, ಕಣ್ಣಿಗೆ ಅಥವಾ ಬಾಯಿಗೆ ತಾಗಿದ್ದರೆ ತಡಮಾಡಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕಣ್ಣು, ಬಾಯಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಗೆ ಕೇಳಿ.

ನಿಜಕ್ಕೂ ಮೂಳೆ ಸಿಕ್ಕಿಕೊಂಡರೆ ಲಕ್ಷಣ ಬೇರೆ. ಊಟದ ಬೆನ್ನಲ್ಲೇ ನಾಯಿ ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತದೆ, ತಲೆ ಒದರುತ್ತದೆ. ಮೂಳೆ ಅಥವಾ ಕಡ್ಡಿಯ ತುಂಡು ಅಂಗುಳಿನಲ್ಲಿ ಎಡ-ಬಲ ದವಡೆ ಹಲ್ಲುಗಳ ನಡುವೆ ಅಡ್ಡಲಾಗಿ ಕೂತಿರುತ್ತದೆ. ಅನುಮಾನ ಇದ್ದರೆ ಅದನ್ನೂ ವೈದ್ಯರಿಗೇ ಬಿಡಿ.

ಮೂಳೆ, ಕಲ್ಲು, ಸರಪಳಿ

ಕೈಲ್‌ಪೊಳ್ದ್, ಪುತ್ತರಿ ಬಂತೆಂದರೆ ನಾಯಿಗಳಿಗೂ ಹಬ್ಬ. ಪಂದಿಕರಿಯ (ಹಂದಿ ಮಾಂಸದ ಸಾರು) ಮೂಳೆಯೆಲ್ಲ ಹಿತ್ತಿಲಿಗೆ ಹೋಗುತ್ತದೆ. ಪ್ರೀತಿಯಿಂದಲೇ ಹಾಕುತ್ತೇವೆ, ಗೊತ್ತು. ಆದರೂ ಬೇಡ ಎಂದೇ ಹೇಳುತ್ತೇನೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಒಸಡಿಗೆ, ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತವೆ. ಹಂದಿ ಕೊಬ್ಬು ಒಮ್ಮೆಲೇ ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರಬಹುದು.

ಮೂಳೆ ಕಡಿದರೆ ಹಲ್ಲು ಸ್ವಚ್ಛವಾಗುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಅಗಿಯುವಾಗ ಸ್ವಲ್ಪ ಕಿಟ್ಟ ಉದುರುತ್ತದೆ. ಆದರೆ ಒಸಡಿನ ಕೆಳಗೆ ಏನೂ ಆಗುವುದಿಲ್ಲ. ಜೊತೆಗೆ ಆ ದೊಡ್ಡ ದವಡೆ ಹಲ್ಲಿನ ಹೊರಮೈ ಚಕ್ಕೆಯಂತೆ ಎದ್ದುಹೋಗುವ ಅಪಾಯ ದೊಡ್ಡದು. ಅಗಿಯಲು ಏನೇ ಕೊಡಿ, ಮೊದಲು ನಿಮ್ಮ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ಹಲ್ಲಿಗೆ ತೀರಾ ಗಟ್ಟಿ. ಕಾಫಿ ಗಿಡದ ಕಟ್ಟಿಗೆ, ಒಣ ಗೊರಸು, ಹೊಳೆಕಲ್ಲು, ಕೊಂಬು ಎಲ್ಲವೂ ಈ ಲೆಕ್ಕದಲ್ಲಿ ಫೇಲು. ಕಾಡಿನಲ್ಲಿ ಬಿದ್ದ ಕಡವೆ ಕೊಂಬನ್ನು ಮನೆಗೆ ತರುವುದಂತೂ ಕಾನೂನಿಗೇ ವಿರುದ್ಧ.

ತೋಟದ ನಾಯಿಗಳಲ್ಲಿ ಇನ್ನೊಂದು ಹಾನಿ ಕಾಣುತ್ತದೆ. ಹಗಲೆಲ್ಲ ಗೂಡಿನಲ್ಲಿ ಅಥವಾ ಸರಪಳಿಯಲ್ಲಿ ಇರುವ ನಾಯಿ ಬೇಸರಕ್ಕೆ ಕಂಬಿ, ಸರಪಳಿ ಕಚ್ಚುತ್ತದೆ. ಕೋರೆ ಹಲ್ಲಿನ ಹಿಂಬದಿ ಕತ್ತಿಯಿಂದ ಹೆರೆದ ಹಾಗೆ ಸವೆದಿರುತ್ತದೆ. ಮುಂದಿನಿಂದ ನೋಡಿದರೆ ಹಲ್ಲು ಚೆನ್ನಾಗೇ ಇರುತ್ತದೆ. ಒಂದು ದಿನ ಪಟ್ ಎಂದು ಮುರಿಯುತ್ತದೆ. ಇದಕ್ಕೆ ಮದ್ದು ಹಗಲಲ್ಲೂ ಅದನ್ನು ಸ್ವಲ್ಪ ಹೊತ್ತು ಓಡಾಡಲು ಬಿಡುವುದು.

ಮುರಿದ ಹಲ್ಲಿನ ನಡುವೆ ಕೆಂಪು ಅಥವಾ ಕಪ್ಪು ಚುಕ್ಕೆ ಕಂಡರೆ ಒಳಗಿನ ನರ ತೆರೆದುಕೊಂಡಿದೆ ಎಂದರ್ಥ. ಬ್ಯಾಕ್ಟೀರಿಯಾ ಅಲ್ಲಿಂದ ಬೇರಿನ ತುದಿಗೆ ಇಳಿಯುತ್ತದೆ. ಮೇಲಿನ ದೊಡ್ಡ ದವಡೆ ಹಲ್ಲಿಗೆ ಮೂರು ಬೇರು, ಅವುಗಳ ತುದಿ ಇರುವುದು ಕಣ್ಣಿನ ಕೆಳಗೆ. ಹಾಗಾಗಿ ಕೀವು ತುಂಬಿದಾಗ ಊತ ಬರುವುದು ಕಣ್ಣಿನ ಕೆಳಗೆ. ಮುಳ್ಳು ಚುಚ್ಚಿರಬೇಕು, ಕಣಜ ಕಚ್ಚಿರಬೇಕು ಅಂದುಕೊಂಡು ಅರಿಶಿನ ಹಚ್ಚುತ್ತೇವೆ. ಗಾಯ ಒಡೆದು ಕೀವು ಸೋರಿ ಒಣಗುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ಬೇಗ ಒಣಗುತ್ತದೆ. ಕೆಲವು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಊತ. ಹಲ್ಲನ್ನು ಕೀಳಿಸುವವರೆಗೆ, ಇಲ್ಲವೇ ಬೇರಿನ ಚಿಕಿತ್ಸೆ ಮಾಡಿಸುವವರೆಗೆ ಇದು ನಿಲ್ಲುವುದಿಲ್ಲ. ಕಣ್ಣಿನ ಕೆಳಗೆ ಮತ್ತೆ ಮತ್ತೆ ಬರುವ ಗಾಯ ಕಂಡರೆ ಹಲ್ಲನ್ನೂ ನೋಡಿ ಎಂದು ನೀವೇ ವೈದ್ಯರಿಗೆ ನೆನಪಿಸಿ.

ಮತ್ತೊಂದು ಮಾತು. ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತವೆ.

ಹಲ್ಲುಜ್ಜುವುದು

ನಾಯಿಗೆ ಹಲ್ಲುಜ್ಜುವುದಾ ಎಂದು ನಗುವವರಿಗೆ ನಾನು ಹೇಳುವುದಿಷ್ಟು: ಪಾಚಿ ಗಟ್ಟಿಯಾಗಲು ಎರಡು-ಮೂರು ದಿನ ಬೇಕು, ಅಷ್ಟರೊಳಗೆ ಒರೆಸಿಬಿಟ್ಟರೆ ಕಿಟ್ಟವೇ ಕಟ್ಟುವುದಿಲ್ಲ. ದಿನವೂ ಉಜ್ಜುವುದು ಒಳ್ಳೆಯದು. ಆಗದಿದ್ದರೆ ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಉಜ್ಜಿದರೆ ಹೆಚ್ಚೇನೂ ಪ್ರಯೋಜನವಿಲ್ಲ.

ಮೊದಲ ದಿನವೇ ಬ್ರಷ್ ಹಿಡಿದು ಹೋಗಬೇಡಿ. ಕೆಲವು ದಿನ ಉಪ್ಪು, ಖಾರ ಹಾಕದ ಕೋಳಿ ಬೇಯಿಸಿದ ನೀರಿಗೆ ಬೆರಳು ಅದ್ದಿ ತುಟಿಯ ಒಳಗೆ ಸವರಿ. ಅದು ನೆಕ್ಕುತ್ತದೆ, ಖುಷಿಪಡುತ್ತದೆ. ಆಮೇಲೆ ಬೆರಳಿಗೆ ತೆಳು ಹತ್ತಿ ಬಟ್ಟೆ ಸುತ್ತಿ ಹಲ್ಲಿನ ಮೇಲೆ ಉಜ್ಜಿ. ಅದಕ್ಕೂ ಒಗ್ಗಿದ ಮೇಲೆ ಚಿಕ್ಕ ಮಕ್ಕಳ ಮೆತ್ತನೆ ಬ್ರಷ್. ಕೂದಲು ಒಸಡಿನ ಅಂಚಿಗೆ ಓರೆಯಾಗಿ ತಾಗಬೇಕು. ಹೊರಮೈ ಉಜ್ಜಿದರೆ ಸಾಕು. ಒಳಮೈಯನ್ನು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಒಂದೊಂದು ಪಕ್ಕಕ್ಕೆ ಅರ್ಧ ನಿಮಿಷ. ಸಂಜೆ ಊಟಕ್ಕೆ ಮೊದಲು ಮಾಡಿದರೆ ಊಟವೇ ಬಹುಮಾನ.

ನಮ್ಮ ಟೂತ್‌ಪೇಸ್ಟ್ ಬೇಡವೇ ಬೇಡ. ಅದು ಉಗುಳಲು ಇರುವ ಪೇಸ್ಟ್, ಪ್ರಾಣಿಗಳು ಉಗುಳುವುದಿಲ್ಲ. ಅದರ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸಿ ಯಕೃತ್ತನ್ನೂ ಕೆಡಿಸುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಪೇಸ್ಟ್ ಸಿಗುತ್ತದೆ. ಇಲ್ಲದಿದ್ದರೆ ಬರೀ ನೀರು ಸಾಕು, ಕೆಲಸ ಮಾಡುವುದು ಬ್ರಷ್. ಇದ್ದಿಲ ಪುಡಿ, ಉಪ್ಪು ಹಾಕಿ ಉಜ್ಜಿದರೆ ಹಲ್ಲಿನ ಮೈ ಗೀಚಿಹೋಗುತ್ತದೆ.

ಒಸಡು ಈಗಾಗಲೇ ಕೆಂಪಾಗಿ ರಕ್ತ ಬರುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಬ್ರಷ್. ನೋಯುವ ಬಾಯಿಗೆ ಬ್ರಷ್ ಹಾಕಿದರೆ ಅದು ಮತ್ತೆ ಎಂದೂ ಬಾಯಿ ಮುಟ್ಟಲು ಬಿಡುವುದಿಲ್ಲ. ಹಲ್ಲು ಬದಲಾಗುವ ತಿಂಗಳುಗಳಲ್ಲೂ ಮರಿಯ ಬಾಯಿ ನೋಯುತ್ತದೆ, ಆಗ ಸುಮ್ನೆ ತುಟಿ ಎತ್ತಿ ಮುಟ್ಟುವ ಅಭ್ಯಾಸ ಮಾಡಿಸಿದರೆ ಸಾಕು. ಆ ವಯಸ್ಸಿನಲ್ಲಿ ನೋಡಬೇಕಾದ್ದು ಒಂದಿದೆ. ಹೊಸ ಕೋರೆ ಹಲ್ಲು ಬಂದ ಮೇಲೂ ಪಕ್ಕದಲ್ಲಿ ಹಾಲು ಹಲ್ಲು ಉಳಿದಿದ್ದರೆ ಅದನ್ನು ತೆಗೆಸಬೇಕು. ಇಲ್ಲದಿದ್ದರೆ ನಡುವೆ ಕೂದಲು, ಅನ್ನ ಸಿಕ್ಕಿ ಎಳೆ ವಯಸ್ಸಿಗೇ ಒಸಡು ಕೆಡುತ್ತದೆ. ಪುಟ್ಟ ತಳಿಗಳಲ್ಲಿ ಇದು ಸಾಮಾನ್ಯ.

ಅಂಗಡಿಯಲ್ಲಿ ಸಿಗುವ ಗಟ್ಟಿ ಪೆಲೆಟ್ (ಒಣ ಉಂಡೆಯಂಥ ಆಹಾರ) ತಿನ್ನಿಸಿದರೆ ಹಲ್ಲು ಸ್ವಚ್ಛ ಎಂಬುದನ್ನೂ ಪೂರ್ತಿ ನಂಬಬೇಡಿ. ಸಾಮಾನ್ಯ ಪೆಲೆಟ್ ಹಲ್ಲು ತಾಗಿದ ಕೂಡಲೇ ಪುಡಿಯಾಗುತ್ತದೆ, ಒಸಡಿನ ಅಂಚಿನವರೆಗೆ ಹೋಗುವುದೇ ಇಲ್ಲ. ಹಲ್ಲಿಗೆಂದೇ ಮಾಡಿದ ಆಹಾರ ಬೇರೆ ಇರುತ್ತದೆ. ಅನ್ನ, ಮಾಂಸದ ಊಟ ಹಾಕುವ ಮನೆಯವರು ಅದಕ್ಕಾಗಿ ನೊಂದುಕೊಳ್ಳಬೇಕಿಲ್ಲ. ಉಜ್ಜಿದರೆ ಆಯಿತು.

ಬೆಕ್ಕಿನ ವಿಷಯ ಬೇರೆ

ಬೆಕ್ಕು ನೋವನ್ನು ನಾಯಿಗಿಂತಲೂ ಚೆನ್ನಾಗಿ ಬಚ್ಚಿಡುತ್ತದೆ. ತಟ್ಟೆಯ ಹತ್ತಿರ ಆಸೆಯಿಂದ ಓಡಿ ಬರುತ್ತದೆ, ಒಂದು ಬಾಯಿ ಹಾಕಿ ಗುರ್ ಎಂದು ಹಿಂದೆ ಸರಿಯುತ್ತದೆ. ಮೈ ನೆಕ್ಕಿಕೊಳ್ಳುವುದು ನಿಲ್ಲಿಸುತ್ತದೆ, ಕೂದಲು ಗಂಟುಗಂಟಾಗುತ್ತದೆ. ಆಕಳಿಸುವಾಗ ಕಿರುಚುತ್ತದೆ.

ಅದಕ್ಕೆ ಒಸಡಿನ ಕಾಯಿಲೆಯ ಜೊತೆ ಇನ್ನೆರಡು ಕಾಟ. ಒಂದು, ಹಲ್ಲು ಕರಗುವ ಕಾಯಿಲೆ. ಬೆಕ್ಕಿನ ದೇಹದ ಜೀವಕೋಶಗಳೇ ಹಲ್ಲನ್ನು ಬೇರಿನಿಂದ ತಿನ್ನುತ್ತಾ ಬರುತ್ತವೆ. ಹೆಚ್ಚಾಗಿ ಶುರುವಾಗುವುದು ಕೆಳದವಡೆಯಲ್ಲಿ, ಕೋರೆ ಹಲ್ಲಿನ ಹಿಂದಿನ ಮೊದಲ ಹಲ್ಲಿನಲ್ಲಿ. ಒಸಡು ಹಲ್ಲಿನ ಮೇಲೆ ಹತ್ತಿದಂತೆ ಒಂದು ಗುಲಾಬಿ ಚುಕ್ಕೆ ಕಾಣುತ್ತದೆ. ಅಲ್ಲಿ ಮುಟ್ಟಿದರೆ ದವಡೆ ಕಟಕಟ ಎನ್ನುತ್ತದೆ. ಕಾರಣ ಇನ್ನೂ ಪೂರ್ತಿ ಗೊತ್ತಾಗಿಲ್ಲ, ಉಜ್ಜಿದರೂ ತಡೆಯಲಾಗುವುದಿಲ್ಲ. ಆ ಹಲ್ಲನ್ನು ತೆಗೆಸುವುದೇ ದಾರಿ. ಇನ್ನೊಂದು, ಇಡೀ ಬಾಯಿ ಕೆಂಪು ಹುಣ್ಣಾಗುವ ಉರಿಯೂತ. ಗಂಟಲಿನ ಪಕ್ಕದವರೆಗೆ ಹಸಿ ಮಾಂಸದ ಹಾಗೆ ಆಗಿರುತ್ತದೆ. ಬೆಕ್ಕುಗಳಿಗೆ ಶೀತ, ಬಾಯಿಹುಣ್ಣು ತರುವ ಕ್ಯಾಲಿಸಿ ವೈರಸ್‌ಗೂ ಇದಕ್ಕೂ ನಂಟಿದೆ. ದವಡೆ ಹಲ್ಲುಗಳನ್ನೆಲ್ಲ, ಕೆಲವೊಮ್ಮೆ ಎಲ್ಲ ಹಲ್ಲುಗಳನ್ನೂ ಕೀಳುವುದು ಇದರ ಮುಖ್ಯ ಚಿಕಿತ್ಸೆ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಹೆಚ್ಚಿನ ಬೆಕ್ಕುಗಳು ಆಮೇಲೆ ಚೇತರಿಸಿಕೊಂಡು ಮೊದಲಿಗಿಂತ ಚೆನ್ನಾಗಿ ತಿನ್ನುತ್ತವೆ.

ದಪ್ಪಗಿರುವ ಬೆಕ್ಕು ಎರಡು-ಮೂರು ದಿನ ಊಟ ಬಿಟ್ಟರೆ ಯಕೃತ್ತಿಗೆ ಕೊಬ್ಬು ತುಂಬಿ ಅಪಾಯವಾಗುತ್ತದೆ. ಅದಾಗಿ ತಿನ್ನಲಿ ಎಂದು ಕಾಯಬೇಡಿ.

ವೈದ್ಯರ ಬಳಿ

ಹಲ್ಲು ಶುಚಿ ಮಾಡಲು ಅರಿವಳಿಕೆ ಬೇಕೇ ಬೇಕು. ಪ್ರಜ್ಞೆ ಇರುವ ನಾಯಿಯನ್ನು ನಾಲ್ಕು ಜನ ಹಿಡಿದು ಹೊರಗಿನ ಕಿಟ್ಟ ಕೆರೆದರೆ ಹಲ್ಲು ಬೆಳ್ಳಗೆ ಕಾಣುತ್ತದೆ, ಒಸಡಿನ ಕೆಳಗಿನ ರೋಗ ಹಾಗೇ ಉಳಿಯುತ್ತದೆ. ಮನೆಯಲ್ಲಿ ಚಾಕು ಹಾಕಿ ಕಿಟ್ಟ ಎಬ್ಬಿಸುವುದೂ ಇದೇ ತಪ್ಪು. ಸರಿಯಾದ ಕ್ರಮದಲ್ಲಿ ಉಸಿರಿನ ನಳಿಕೆ ಹಾಕಿ, ಪ್ರತಿ ಹಲ್ಲಿನ ಸುತ್ತ ಸಣ್ಣ ಸಲಾಕೆಯಿಂದ ಹಲ್ಲಿಗೂ ಒಸಡಿಗೂ ನಡುವಿನ ಸಂದಿನ ಆಳ ಅಳೆಯುತ್ತಾರೆ. ನಾಯಿಗೆ 3 ಮಿ.ಮೀ.ವರೆಗೆ, ಬೆಕ್ಕಿಗೆ 1 ಮಿ.ಮೀ.ವರೆಗೆ ಸಹಜ. ಹಲ್ಲಿನ ಎಕ್ಸ್-ರೇ ಇದ್ದರೆ ಬೇರು, ಮೂಳೆ ಕಾಣುತ್ತದೆ. ಆ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಅರಿವಳಿಕೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ತೋಟದಲ್ಲಿ ಓಡಾಡುವ ನಾಯಿಗೆ ಇದು ಇನ್ನೂ ಮುಖ್ಯ. ಹೊರಗೆ ಆರೋಗ್ಯವಾಗಿ ಕಾಣುತ್ತಿದ್ದರೂ ಉಣ್ಣಿ ಜ್ವರ ಒಳಗೇ ಇರಬಹುದು. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದು ಕಷ್ಟ. ಮೊದಲು ಜ್ವರಕ್ಕೆ ಚಿಕಿತ್ಸೆ, ಆಮೇಲೆ ಹಲ್ಲು. "ವಯಸ್ಸಾಯ್ತಲ್ಲ, ಈಗ್ಯಾಕೆ" ಎಂದು ಬಿಟ್ಟುಬಿಡಬೇಡಿ. ಅರಿವಳಿಕೆ ತಡೆಯುತ್ತದೋ ಇಲ್ಲವೋ ಎಂದು ಹೇಳಬೇಕಾದ್ದು ರಕ್ತದ ವರದಿ, ಹೃದಯದ ಬಡಿತ. ವಯಸ್ಸೊಂದನ್ನೇ ನೋಡಿ ತೀರ್ಮಾನಿಸಬಾರದು.

ಹಲ್ಲು ಕಿತ್ತ ಮೇಲೆ ಹತ್ತು-ಹದಿನಾಲ್ಕು ದಿನ ಮೆತ್ತಗೆ ಬೆಂದ ಅನ್ನ, ಮೂಳೆ ಬಿಡಿಸಿದ ಕೋಳಿ ಅಥವಾ ನೆನೆಸಿದ ಪೆಲೆಟ್ ಕೊಡಿ. ಚೆಂಡು, ಹಗ್ಗ ಎಳೆಯುವ ಆಟ ಬೇಡ. ಕೊಟ್ಟ ನೋವಿನ ಔಷಧಿಯನ್ನು ಹೇಳಿದಷ್ಟು ದಿನ ಪೂರ್ತಿ ಮುಗಿಸಿ. ಹೊಲಿಗೆ ಹಾಕಿದ ಜಾಗ ಕೂಡಿದೆಯೇ ಎಂದು ಮತ್ತೊಮ್ಮೆ ತೋರಿಸಿ, ಉಳಿದ ಹಲ್ಲುಗಳನ್ನು ಯಾವಾಗಿನಿಂದ ಉಜ್ಜಬಹುದು ಎಂದು ಆಗಲೇ ಕೇಳಿಕೊಂಡು ಬನ್ನಿ.